ಆ ಫೋಟೋ ಇನ್ನೂ ತಿರುಗುತ್ತಿದೆ, ಅಕ್ಕೋರೇ

ಓದುಗರ ಪತ್ರ

ಮಾನ್ಯ ಸಂಪಾದಕರೇ, ನಾನು ಗದಗ ಜಿಲ್ಲೆಯ ನಿವೃತ್ತ ಶಿಕ್ಷಕಿ. ಹೋದ ವರ್ಷ ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿಗೆ ಪಿಯುಸಿ ಓದುವ ಹುಡುಗಿಯೊಬ್ಬಳ ಫೋಟೋ ಬಂತು. ‘ಮನೆ ಬಿಟ್ಟು ಹೋಗಿದ್ದಾಳೆ, ಕಂಡರೆ ಈ ನಂಬರಿಗೆ ತಿಳಿಸಿ’ ಅಂತ ಇತ್ತು. ನಾನು ಅದನ್ನು ನಾಲ್ಕು ಗ್ರೂಪಿಗೆ ಕಳಿಸಿದೆ. ಮರುದಿನವೇ ಹುಡುಗಿ ಸಂಬಂಧಿಕರ ಮನೆಯಲ್ಲಿ ಸಿಕ್ಕಳು. ಫೋಟೋ ಮಾತ್ರ ಇನ್ನೂ ತಿರುಗುತ್ತಿದೆ. ಅದರ ಕೆಳಗೆ ಯಾರೋ ‘ಹುಡುಗನ ಜೊತೆ ಓಡಿಹೋದವಳು’ ಅಂತ ಬೇರೆ ಸೇರಿಸಿದ್ದಾರೆ. ಅವಳು ಕಾಲೇಜಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಅವಳ ತಂದೆ ನಮ್ಮ ಮನೆಯ ಕಟ್ಟೆ ಮೇಲೆ ಕೂತು ಅತ್ತರು. ನಾನು ಒಳ್ಳೇದಾಗಲಿ ಅಂತ ಕಳಿಸಿದ್ದು. ನನ್ನ ತಪ್ಪು ಎಷ್ಟು ಹೇಳಿ. ಈ ಗ್ರೂಪುಗಳ ಸಹವಾಸವೇ ಬೇಡ ಅಂತ ಹೊರಗೆ ಬಂದುಬಿಡಲೇ?

ಸಂಪಾದಕರ ಉತ್ತರ

ಅಕ್ಕೋರೇ, ನಮಸ್ಕಾರ.

ನಾನೂ ಧಾರವಾಡದ ಕಡೆಯ ಸರ್ಕಾರಿ ಶಾಲೆಯಲ್ಲಿ ಕಲಿತವನು. ಕಲಿಸಿದವರನ್ನು ಅಕ್ಕೋರು ಅಂತಲೇ ಕರೆದು ರೂಢಿ. ಹಾಗೇ ಕರೆಯುತ್ತೇನೆ.

ನೀವು ಬರೆದದ್ದು ನಾಲ್ಕು ಪುಟ. ಇಲ್ಲಿ ಅಚ್ಚಾಗಿರುವುದು ಕೆಲವೇ ಸಾಲು. ಜಾಗ ಸಾಲದೆ ಕತ್ತರಿಸಿದ್ದಲ್ಲ. ಪತ್ರದಲ್ಲಿ ಹುಡುಗಿಯ ಹೆಸರಿತ್ತು, ಓಣಿ ಇತ್ತು, ಕಾಲೇಜಿತ್ತು, ತಂದೆ ಮಾಡುವ ಕೆಲಸವೂ ಇತ್ತು. ಅವಳಿಗಾದ ನೋವನ್ನು ಹೇಳುವ ಸಂಕಟದಲ್ಲಿ ನೀವು ಅವಳ ಗುರುತನ್ನು ಮತ್ತೊಮ್ಮೆ ಇನ್ನೊಬ್ಬರ ಕೈಗೆ ಕೊಟ್ಟಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ. ಅಂತಃಕರಣ ಇದ್ದವರಿಂದಲೇ ಇದು ಜಾಸ್ತಿ ಆಗುತ್ತದೆ. ನಿಮ್ಮ ಹೆಸರು, ಊರನ್ನೂ ತೆಗೆದಿದ್ದೇನೆ. ನಿಮ್ಮ ಊರು ಗೊತ್ತಾದರೆ ಅವಳ ಊರೂ ಗೊತ್ತಾಗುತ್ತದೆ, ಅಲ್ವಾ?

ತಪ್ಪು ಎಷ್ಟು ಅಂತ ಕೇಳಿದ್ದೀರಿ. ನನಗೆ ಅನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಆ ರಾತ್ರಿ ಫೋಟೋ ಕಳಿಸಿದ್ದರಲ್ಲಿ ನಿಮ್ಮ ತಪ್ಪು ಸಣ್ಣದು. ಆ ನಂಬರಿಗೆ ಒಂದು ಫೋನ್ ಮಾಡಿ ವಿಚಾರಿಸಿ ಕಳಿಸಿದ್ದರೆ ಅದೂ ಇರುತ್ತಿರಲಿಲ್ಲ. ಹುಡುಗಿ ಸಿಕ್ಕಳು ಅಂತ ಗೊತ್ತಾದ ಮೇಲೆ ಅದೇ ನಾಲ್ಕು ಗ್ರೂಪಿಗೆ ಆ ಮಾತನ್ನು ತಿಳಿಸಲಿಲ್ಲವಲ್ಲ, ಅದು ದೊಡ್ಡದು. ಪತ್ರವನ್ನು ಎರಡು ಸಲ ಓದಿದೆ. ‘ಸಿಕ್ಕಳಂತೆ, ದೇವರು ದೊಡ್ಡವನು ಅಂತ ಸಮಾಧಾನವಾಯಿತು’ ಅಂತ ಬರೆದಿದ್ದೀರಿ. ಆ ಸಮಾಧಾನ ನಿಮ್ಮ ಮನೆಯಲ್ಲೇ ಉಳಿಯಿತು. ಹುಡುಕಾಟ ಮಾತ್ರ ಊರೂರು ತಿರುಗುತ್ತಾ ಹೋಯಿತು.

ನಮ್ಮ ಪತ್ರಿಕೆಯಲ್ಲಿ ನಡೆದದ್ದೊಂದನ್ನು ಹೇಳುತ್ತೇನೆ. ಹದಿನೆಂಟು ವರ್ಷದ ಹಿಂದಿನ ಮಾತು. ಚೀಟಿ ವ್ಯವಹಾರದ ಮೋಸದ ಬಗ್ಗೆ ಒಂದು ಲೇಖನ ಹಾಕಿದ್ದೆವು. ಪುಟ ಕಟ್ಟುವಾಗ ಫೋಟೋ ಅದಲುಬದಲಾಯಿತು. ಮೋಸ ಮಾಡಿದವನ ಜಾಗದಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಹಿರಿಯರ ಫೋಟೋ ಅಚ್ಚಾಯಿತು. ಕೊನೆಯ ಪ್ರೂಫ್ ನೋಡಿ ಸಹಿ ಮಾಡಿದವನು ನಾನೇ. ಮರುದಿನ ಅಂಗಡಿಗೆ ಹೋದೆ. ಅವರು ಬೈಯಲಿಲ್ಲ. ‘ಮುಂಜಾನಿಂದ ಉದ್ರಿ ಗಿರಾಕಿಗಳೂ ಬಂದಿಲ್ಲರೀ’ ಅಂದರು, ಅಷ್ಟೇ. ಮುಂದಿನ ಸಂಚಿಕೆಯಲ್ಲಿ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಿ ಕ್ಷಮೆ ಕೇಳಿದೆವು. ತಪ್ಪು ಯಾವ ಯಾವ ಅಂಗಡಿಗೆ, ಯಾವ ಯಾವ ಮನೆಗೆ ಹೋಗಿತ್ತು ಅನ್ನುವುದರ ಪಟ್ಟಿ ನಮ್ಮ ಹತ್ತಿರ ಇತ್ತು. ತಿದ್ದುಪಡಿಯೂ ಅದೇ ದಾರಿಯಲ್ಲಿ ಹೋಯಿತು. ಆದರೂ ಆ ಅಂಗಡಿಗೆ ಗಿರಾಕಿ ಪೂರ್ತಿ ವಾಪಸಾಗಲು ತಿಂಗಳುಗಳೇ ಹಿಡಿದವು.

ಮೊಬೈಲಿನಲ್ಲಿ ಆ ಪಟ್ಟಿ ಯಾರ ಹತ್ತಿರವೂ ಇಲ್ಲ. ಫೇಸ್‌ಬುಕ್ಕಿನಲ್ಲಿ ನೀವು ಹಾಕಿದ್ದನ್ನು ಯಾರಾದರೂ ಅಲ್ಲೇ ಶೇರ್ ಮಾಡಿದ್ದರೆ, ನೀವು ಮೂಲವನ್ನು ಅಳಿಸಿದಾಗ ಅವರ ಗೋಡೆಯಿಂದಲೂ ಅದು ಹೋಗುತ್ತದೆ. ವಾಟ್ಸಾಪ್ ಹಾಗಲ್ಲ. ಅಲ್ಲಿ ಪ್ರತಿ ಫಾರ್ವರ್ಡ್ ಒಂದು ಬೇರೆ ಪ್ರತಿ. ನೀವು ಕಳಿಸಿದ್ದನ್ನು ಎಲ್ಲರ ಫೋನಿನಿಂದ ಅಳಿಸಲು ನಿಮಗೆ ಸಿಗುವುದು ಸುಮಾರು ಎರಡೂವರೆ ದಿನ. ಅಷ್ಟರೊಳಗೆ ಅಳಿಸಿದರೂ ನೀವು ಕಳಿಸಿದ್ದಷ್ಟೇ ಹೋಗುತ್ತದೆ. ಅದನ್ನು ಇನ್ನೊಬ್ಬರು ಮುಂದಕ್ಕೆ ಕಳಿಸಿದ್ದರೆ ಅದು ಅವರದ್ದು. ಲೆಕ್ಕ ಹಾಕಿ ನೋಡಿ. ಒಬ್ಬರು ಐದು ಜನರಿಗೆ, ಆ ಐವರೂ ತಲಾ ಐದು ಜನರಿಗೆ ಕಳಿಸುತ್ತಾ ಹೋದರೆ ಐದನೇ ಸುತ್ತಿಗೇ 3,125 ಜನ. ಇನ್ನು ಫೋಟೋ ಮೇಲೆ ತಾರೀಖು ಇರುವುದಿಲ್ಲ. ಹೋದ ವರ್ಷದ ಹುಡುಗಿ ಪ್ರತಿ ಸಲ ನಿನ್ನೆ ಕಾಣೆಯಾದವಳಾಗಿಯೇ ಬರುತ್ತಾಳೆ.

‘ನಾನು ಬರೆದದ್ದಲ್ಲ, ಬಂದದ್ದನ್ನು ಸುಮ್ನೆ ಕಳಿಸಿದೆ’ ಅಂತಲೂ ಬರೆದಿದ್ದೀರಿ. ಇದನ್ನು ಎಲ್ಲರೂ ಹೇಳುತ್ತಾರೆ. ತಮಿಳುನಾಡಿನ ನಟ, ಮಾಜಿ ಶಾಸಕ ಎಸ್.ವಿ. ಶೇಖರ್ 2018ರಲ್ಲಿ ಪತ್ರಕರ್ತೆಯರ ಬಗ್ಗೆ ಯಾರೋ ಕೀಳಾಗಿ ಬರೆದದ್ದನ್ನು ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡರು. ಆಮೇಲೆ ಅಳಿಸಿದರು, ಕ್ಷಮೆ ಕೇಳಿದರು, ಪೂರ್ತಿ ಓದದೇ ಕಳಿಸಿದೆ ಅಂದರು. ಮದ್ರಾಸ್ ಹೈಕೋರ್ಟ್ 2023ರಲ್ಲಿ ಅದನ್ನು ಒಪ್ಪಲಿಲ್ಲ. ಬಂದದ್ದನ್ನು ಮುಂದಕ್ಕೆ ಕಳಿಸಿದವನು ಅದರ ಹೊಣೆಯನ್ನೂ ಹೊರಬೇಕು ಅಂದಿತು. ಅದೇ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ಅವರ ಮೇಲಿನ ಪ್ರಕರಣ ರದ್ದು ಮಾಡಲು ಒಪ್ಪಲಿಲ್ಲ. ನಿಮ್ಮದು ಅಂಥ ಕೆಲಸ ಅಲ್ಲವೇ ಅಲ್ಲ. ಕೈ ದಾಟಿಸಿದ ಮಾತ್ರಕ್ಕೆ ಹೊಣೆ ದಾಟುವುದಿಲ್ಲ ಅಂತ ತೋರಿಸಲು ಹೇಳಿದೆ.

ನಮ್ಮ ಪತ್ರಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಅಂತ ಹೆಸರು ಇರುವುದನ್ನು ನೀವು ನೋಡಿರುತ್ತೀರಿ. ಮುದ್ರಿಸಿದವರ ಹೆಸರು ಹಾಕಲೇಬೇಕು ಅಂತ 1867ರಲ್ಲೇ ಕಾನೂನು ಬಂತು. ತಪ್ಪಾದರೆ ಯಾರ ಬಾಗಿಲಿಗೆ ಹೋಗಬೇಕು ಅನ್ನುವುದು ಅದರಿಂದ ಗೊತ್ತಾಗುತ್ತದೆ. ಆ ತಂದೆ ನಿಮ್ಮ ಕಟ್ಟೆಗೆ ಯಾಕೆ ಬಂದರು ಅಂತ ಯೋಚಿಸಿದ್ದೀರಾ? ನಿಮ್ಮ ತಪ್ಪೇ ಎಲ್ಲರಿಗಿಂತ ದೊಡ್ಡದು ಅಂತ ಅಲ್ಲ. ಸಾವಿರಾರು ಜನರಲ್ಲಿ ಅವರಿಗೆ ಸಿಕ್ಕ ಹೆಸರು ನಿಮ್ಮದೊಂದೇ. ಆ ಕೆಟ್ಟ ಸಾಲು ಸೇರಿಸಿದವನ ಮನೆ ಎಲ್ಲಿದೆಯೋ ಅವರಿಗೆ ಗೊತ್ತಿಲ್ಲ.

ಒಳ್ಳೇದಾಗಲಿ ಅಂತ ಕಳಿಸಿದೆ ಅನ್ನುವ ಮಾತು ನನ್ನನ್ನು ತುಂಬಾ ಕಾಡುತ್ತದೆ. 2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ, ಎಚ್ಚರ’ ಅನ್ನುವ ಮೆಸೇಜು ನಮ್ಮ ಕಡೆಯೂ ಓಡಾಡಿತ್ತು. ಅದನ್ನು ಕಳಿಸಿದವರಲ್ಲಿ ಹೆಚ್ಚಿನವರು ತಾಯಂದಿರು, ಅಜ್ಜಂದಿರು. ಮಕ್ಕಳ ಮೇಲಿನ ಜೀವದಿಂದಲೇ ಕಳಿಸಿದ್ದರು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬ ಊರಲ್ಲಿ ಕಾರಿನಲ್ಲಿ ಬಂದಿದ್ದ ಗೆಳೆಯರನ್ನು ಜನ ಅಡ್ಡಹಾಕಿದರು. ಅವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು. ಕಳ್ಳರು ಅನ್ನುವ ಸುದ್ದಿ ವಾಟ್ಸಾಪ್‌ನಲ್ಲಿ ಅವರಿಗಿಂತ ಮುಂಚೆ ಊರು ಸೇರಿತ್ತು. ಹೈದರಾಬಾದಿನ ಒಬ್ಬ ಯುವ ಇಂಜಿನಿಯರ್ ಅಲ್ಲಿ ಜನರ ಹೊಡೆತಕ್ಕೆ ಸತ್ತರು. ಒಂದು ಮೆಸೇಜನ್ನು ಭಾರತದಲ್ಲಿ ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕುತ್ತೇವೆ ಅಂತ ವಾಟ್ಸಾಪ್ ಹೇಳಿದ್ದು ಅದೇ ತಿಂಗಳು. ಹುಬ್ಬಳ್ಳಿಯವರಿಗೆ ಬೀದರಿನ ಮಾತೂ ಬೇಕಿಲ್ಲ. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಠಾಣೆಯ ಮುಂದೆ ಕಲ್ಲು ತೂರಾಟ ಆಯಿತಲ್ಲ, ಅದು ಶುರುವಾದದ್ದು ಒಂದು ಸ್ಟೇಟಸ್‌ನಿಂದ. ಸ್ಟೇಟಸ್ 24 ಗಂಟೆಗೆ ತಾನಾಗಿ ಹೋಗುತ್ತದೆ. ಆ ರಾತ್ರಿಯ ಕೇಸುಗಳು ವರ್ಷಗಟ್ಟಲೆ ನಡೆದವು.

ಈಗ ಏನು ಮಾಡಬಹುದು ಅನ್ನುವುದಕ್ಕೆ ಬರುತ್ತೇನೆ. ತಡವಾಗಿದೆ ನಿಜ. ಆದರೂ ಅದೇ ನಾಲ್ಕು ಗ್ರೂಪಿಗೆ ನಿಮ್ಮ ಹೆಸರು ಹಾಕಿ ಬರೆಯಿರಿ: ‘ಹೋದ ವರ್ಷ ನಾನು ಕಳಿಸಿದ್ದ ಕಾಣೆಯಾದ ಹುಡುಗಿಯ ಫೋಟೋ ಯಾರ ಹತ್ತಿರ ಇದ್ದರೂ ಅಳಿಸಿ. ಹುಡುಗಿ ಮರುದಿನವೇ ಮನೆಗೆ ಬಂದಿದ್ದಾಳೆ. ಕೆಳಗೆ ಸೇರಿಸಿದ ಮಾತು ಸುಳ್ಳು. ನೀವು ಯಾರಿಗೆ ಕಳಿಸಿದ್ದಿರೋ ಅವರಿಗೂ ಇದನ್ನು ತಿಳಿಸಿ.’ ಫೋಟೋ ಹಾಕಬೇಡಿ, ಹೆಸರು ಬರೆಯಬೇಡಿ. ‘ಇದೇ ನೋಡಿ ಆ ಫೋಟೋ’ ಅಂತ ತೋರಿಸಲೂ ಬೇಡ.

ಆ ಸಾಲು ಸೇರಿಸಿದ ಮೆಸೇಜು ಯಾವ ನಂಬರಿನಿಂದ ಬಂತು, ಯಾವತ್ತು ಬಂತು ಅನ್ನುವುದು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಆ ತಂದೆಗೆ ಕೊಡಿ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ದ್ರವ್ಯ ಅಪರಾಧ) ಪೊಲೀಸ್ ಠಾಣೆಯಲ್ಲಿ ಇಂಥ ದೂರು ತೆಗೆದುಕೊಳ್ಳುತ್ತಾರೆ. ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿಯೂ ದೂರು ಕೊಡಬಹುದು. ದೂರು ಕೊಡುವುದೋ ಬಿಡುವುದೋ ಹುಡುಗಿಗೆ ಮತ್ತು ಮನೆಯವರಿಗೆ ಬಿಟ್ಟದ್ದು. ನೀವಾಗಿ ಮುಂದೆ ಹೋಗಬೇಡಿ. ಅವರು ಹೂಂ ಅಂದರೆ ಠಾಣೆಗೆ ಜೊತೆಯಲ್ಲಿ ಹೋಗಿ. ‘ಫಾರ್ವರ್ಡ್ ಮಾಡಿದವರಲ್ಲಿ ನಾನೂ ಒಬ್ಬಳು’ ಅಂತ ಅಲ್ಲಿ ಹೇಳಬೇಕಾಗಬಹುದು. ಹೇಳಿ. ಮುಂದೆ ಇಂಥ ಫೋಟೋ ಮತ್ತೆ ಬಂದರೆ ಮೊದಲು ಅದರಲ್ಲಿರುವ ನಂಬರಿಗೋ, ಮಕ್ಕಳ ಸಹಾಯವಾಣಿ 1098ಕ್ಕೋ ಫೋನ್ ಮಾಡಿ.

ಗ್ರೂಪುಗಳಿಂದ ಹೊರಗೆ ಬರಲೇ ಅಂತ ಕೇಳಿದ್ದೀರಿ. ಬೇಡ. ಅಲ್ಲಿರುವವರು ನಿಮ್ಮ ಕೈಯಲ್ಲಿ ಅಕ್ಷರ ತಿದ್ದಿದವರು. ‘ಇದು ಸುಳ್ಳು, ಅಳಿಸು’ ಅಂತ ನಾನು ಹೇಳಿದರೆ ಯಾರು ಕೇಳುತ್ತಾರೆ? ಅಕ್ಕೋರು ಹೇಳಿದರೆ ಕೇಳುತ್ತಾರೆ.

ನಿಮ್ಮ ನಾಲ್ಕು ಪುಟದ ಪತ್ರವನ್ನು ನಮ್ಮ ಫೈಲಿನಲ್ಲಿ ಇಟ್ಟುಕೊಂಡಿಲ್ಲ. ಅವಳ ಹೆಸರಿದೆಯಲ್ಲ, ಅದಕ್ಕೆ ಸ್ಪೀಡ್ ಪೋಸ್ಟಿನಲ್ಲಿ ನಿಮಗೇ ವಾಪಸ್ ಕಳಿಸಿದ್ದೇನೆ. ತಲುಪಿದ ಮೇಲೆ ಒಂದು ಕಾರ್ಡು ಹಾಕಿ. ಹುಡುಗಿ ಮತ್ತೆ ಕಾಲೇಜಿಗೆ ಹೊರಟಳು ಅಂತಾದರೆ ಅದನ್ನೂ ಬರೆಯಿರಿ. ಅಚ್ಚು ಹಾಕುವುದಿಲ್ಲ. ನನಗೆ ತಿಳಿದರೆ ಸಾಕು.