ಪ್ರತಿಕ್ರಿಯೆ: ಯುವಿ ಸೆಲ್ ಹೊಸದು, ಆದರೂ ಬರ್ನರ್ ಟ್ರಿಪ್
ಸರ್, ನಿಮ್ಮ ಹುಮನಾಬಾದ್ ಘಟಕದ ಡೀಸೆಲ್ ಬಾಯ್ಲರ್ ಹೊತ್ತಿಕೊಂಡ ಕೆಲವೇ ಸೆಕೆಂಡಿಗೆ ಟ್ರಿಪ್ ಆಗುತ್ತದೆ (ತಾನಾಗಿ ನಿಲ್ಲುತ್ತದೆ), ಹೊಸ ಯುವಿ ಸೆಲ್ (ಜ್ವಾಲೆಯ ನೇರಳಾತೀತ ಬೆಳಕು ನೋಡಿ ಬೆಂಕಿ ಇದೆಯೇ ಎಂದು ಗುರುತಿಸುವ ಸೆನ್ಸರ್) ಹಾಕಿದರೂ ಹಾಗೇ ಅಂತ ಕೇಳಿದ್ದೀರಿ. ನನಗೆ ಅನುಮಾನ ಸೆಲ್ ಮುಂದಿನ ಗಾಜಿನ ಮೇಲೆ. ಒಡೆದದ್ದಕ್ಕೆ ಬದಲಾಗಿ ಊರಲ್ಲೇ ಕತ್ತರಿಸಿದ ಮಾಮೂಲಿ ಗಾಜು ಹಾಕಿಸಿದ್ದೀರಿ, ಅಲ್ವಾ? ಇಂಥ ಸೆಲ್‌ಗಳು ನೋಡುವುದು ಸುಮಾರು 185ರಿಂದ 260 ನ್ಯಾನೋಮೀಟರ್ ಬೆಳಕನ್ನು. ಮಾಮೂಲಿ ಗಾಜು ಅದನ್ನೇ ತಡೆಯುತ್ತದೆ. ನಿಮ್ಮ ಕಣ್ಣಿಗೆ ಬೆಂಕಿ ಚೆನ್ನಾಗಿ ಕಂಡರೂ ಸೆಲ್‌ಗೆ ಕತ್ತಲೆ, ಬೆಂಕಿಯೇ ಇಲ್ಲವೆಂದು ಬರ್ನರ್ ನಿಲ್ಲುತ್ತದೆ. ಕ್ವಾರ್ಟ್ಜ್ ಗಾಜೇ ಬೇಕು. ಎಣ್ಣೆಯ ಮಂಜು, ಮಸಿ ಕೂಡ ಯುವಿ ನುಂಗುತ್ತವೆ, ಸೈಟ್ ಟ್ಯೂಬ್ (ಸೆಲ್ ಬೆಂಕಿಯನ್ನು ನೋಡುವ ಕೊಳವೆ) ಒರೆಸಿ. ದಯವಿಟ್ಟು ಸೆಲ್ ಬೈಪಾಸ್ ಮಾಡಿ ಓಡಿಸಬೇಡಿ. ಬೆಂಕಿ ಆರಿದ ಮೇಲೂ ಡೀಸೆಲ್ ಸುರಿಯುತ್ತಿದ್ದರೆ ಫರ್ನೇಸ್ ಸಿಡಿಯಬಹುದು, ಆಪರೇಟರ್ ಪಕ್ಕದಲ್ಲೇ ಇರುತ್ತಾರೆ. ಗಾಜು ಬದಲಿಸಿದ ಮೇಲೆ ಸೆಲ್ ಕೊಡುವ ಸಿಗ್ನಲ್ ಕರೆಂಟ್ ಅಳೆದು, ಮ್ಯಾನುಯಲ್‌ನಲ್ಲಿರುವ ಅಂಕಿಯ ಜೊತೆ ಹೋಲಿಸಿ ಇಲ್ಲೇ ತಿಳಿಸಿ.