ಗ್ರಿನೆಲ್ ಕಾಲೇಜಿನಲ್ಲಿ ಓದು ಹೇಗಿರುತ್ತದೆ? ಕಂಪ್ಯೂಟರ್ ಸೈನ್ಸ್ ಓದಿದರೂ ಕೊಡುವುದು ಬಿಎ ಡಿಗ್ರಿಯಂತೆ, ನಿಜವಾ?

ನೀವು ಎರಡನೇ ಪಿಯುಸಿ, ಪಿಸಿಎಂಸಿ. ಅಮೆರಿಕದ ಅಯೋವಾ ರಾಜ್ಯದ ಗ್ರಿನೆಲ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಮನೆಯಲ್ಲಿ ಯಾರೂ ಆ ಹೆಸರು ಕೇಳಿಲ್ಲ. ಅಲ್ಲಿ ಓದು, ದಿನದ ಬದುಕು ಹೇಗಿರುತ್ತದೆ ಅನ್ನುವುದು ನಿಮ್ಮ ಪ್ರಶ್ನೆ. ನಾನು ಅಲ್ಲೇ ಓದಿದವನು, ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಬಿಎ ವಿಚಾರ ಮುಗಿಸಿಬಿಡೋಣ. ನಿಜ. ಗ್ರಿನೆಲ್ ಕೊಡುವುದು ಬ್ಯಾಚುಲರ್ ಆಫ್ ಆರ್ಟ್ಸ್ ಒಂದನ್ನೇ. ಫಿಸಿಕ್ಸ್ ಓದಿದರೂ ಬಿಎ, ಸಂಗೀತ ಓದಿದರೂ ಬಿಎ. ನಮ್ಮ ಕಡೆ ಮಾರ್ಕ್ಸ್ ಕಡಿಮೆ ಬಂದವರು ಬಿಎಗೆ ಸೇರುತ್ತಾರೆ ಅನ್ನುವ ಲೆಕ್ಕ ಇದೆಯಲ್ಲ, ಅದು ಅಲ್ಲಿ ನಡೆಯುವುದಿಲ್ಲ. (ನಮ್ಮ ಸೋದರಮಾವ ಇದನ್ನು ಇವತ್ತಿಗೂ ಒಪ್ಪಿಲ್ಲ, ಬಿಡಿ.) ಡಿಗ್ರಿ ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ 12 ತಿಂಗಳು ಕೆಲಸ ಮಾಡಬಹುದು, ಅದಕ್ಕೆ ಒಪಿಟಿ ಅನ್ನುತ್ತಾರೆ. ವಿಜ್ಞಾನ, ಗಣಿತ, ಕಂಪ್ಯೂಟರ್ ಓದಿದವರು ಇನ್ನೂ 24 ತಿಂಗಳು ಕೇಳಬಹುದು. ಅದಕ್ಕೆ ನೋಡುವುದು ನಿಮ್ಮ ಮೇಜರ್, ಅಂದರೆ ಮುಖ್ಯವಾಗಿ ಓದಿದ ವಿಷಯ, ಯಾವುದು ಅಂತ. ಬಿಎ ಅಂತಿದೆಯೋ ಬಿಎಸ್ (ನಮ್ಮ ಬಿಎಸ್ಸಿ ಇದ್ದಹಾಗೆ) ಅಂತಿದೆಯೋ ಅನ್ನುವುದನ್ನಲ್ಲ. ಈ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಇನ್ನು ಎಂಜಿನಿಯರಿಂಗ್ ಡಿಗ್ರಿ ಅಲ್ಲಿ ಇಲ್ಲ. ಮೂರು ವರ್ಷ ಗ್ರಿನೆಲ್‌ನಲ್ಲಿ, ಎರಡು ವರ್ಷ ಬೇರೆ ಯೂನಿವರ್ಸಿಟಿಯಲ್ಲಿ ಓದುವ ಏರ್ಪಾಡು ಇದೆ, ಅಷ್ಟೇ.

ಈಗ ಓದಿನ ಮಾತು. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ನೀವು ಒಂದು ಕಾಂಬಿನೇಷನ್ ಆರಿಸಿಕೊಂಡಿರಿ, ಅಲ್ಲಿಗೆ ಇತಿಹಾಸ, ಅರ್ಥಶಾಸ್ತ್ರದ ಬಾಗಿಲು ಮುಚ್ಚಿತು. ಗ್ರಿನೆಲ್‌ನಲ್ಲಿ ಎಲ್ಲರೂ ಓದಲೇಬೇಕಾದ ಕೋರ್ಸು ಒಂದೇ ಒಂದು: ಮೊದಲ ಸೆಮಿಸ್ಟರಿನ ಟ್ಯುಟೋರಿಯಲ್. ಮಿಕ್ಕಿದ್ದೆಲ್ಲ ನಿಮ್ಮ ಆಯ್ಕೆ. ಮೇಜರ್ ಯಾವುದು ಅಂತ ಎರಡನೇ ವರ್ಷದ ಕೊನೆಗೆ ಹೇಳಿದರೆ ಸಾಕು. ಆದರೆ ಸುಮ್ನೆ ಬಿಟ್ಟುಬಿಡುತ್ತಾರೆ ಅಂದುಕೊಳ್ಳಬೇಡಿ. ಡಿಗ್ರಿಗೆ 124 ಕ್ರೆಡಿಟ್ ಬೇಕು, ಸಾಮಾನ್ಯವಾಗಿ ಒಂದು ಕೋರ್ಸಿಗೆ 4 ಕ್ರೆಡಿಟ್. ವಿಜ್ಞಾನದ ಕಡೆಯಿಂದ 92ಕ್ಕಿಂತ ಜಾಸ್ತಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಎಷ್ಟೇ ಕೋಡಿಂಗ್ ಹುಚ್ಚಿದ್ದರೂ ಎಂಟು ಕೋರ್ಸಿನಷ್ಟಾದರೂ ಹೊರಗಿನದು ಓದಬೇಕು.

ಆ ಟ್ಯುಟೋರಿಯಲ್ಲೇ ನಿಮಗೆ ನಿಜವಾದ ಪರೀಕ್ಷೆ. ಒಂದು ಮೇಜಿನ ಸುತ್ತ ಹನ್ನೆರಡೋ ಹದಿಮೂರೋ ಜನ, ಒಬ್ಬರು ಮೇಷ್ಟ್ರು. ಲಾಸ್ಟ್ ಬೆಂಚ್ ಅನ್ನುವುದೇ ಇಲ್ಲ. ಪ್ರಾಕ್ಸಿ ಹಾಕಿಸುವುದಂತೂ ಕನಸಿನ ಮಾತು. ಓದಿಕೊಂಡು ಹೋಗದಿದ್ದರೆ ಹತ್ತು ನಿಮಿಷದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಮೇಜರ್ ಗೊತ್ತು ಮಾಡುವ ತನಕ ಅದೇ ಮೇಷ್ಟ್ರು ನಿಮ್ಮ ಅಡ್ವೈಸರ್. ಹಾಗಾಗಿ ನೀವು ಎಲ್ಲಿ ಚುರುಕು, ಎಲ್ಲಿ ಮೈಗಳ್ಳತನ ಅನ್ನುವುದು ಅವರಿಗೆ ಬೇಗ ತಿಳಿಯುತ್ತದೆ. ನಮ್ಮ ಪಿಯು ಕಾಲೇಜಿನ ಒಂದೊಂದು ಸೆಕ್ಷನ್ನಿನಲ್ಲಿ ಎಷ್ಟು ಜನ ಅಂತ ನಿಮಗೇ ಗೊತ್ತು. ಅಲ್ಲಿಂದ ಬಂದವರಿಗೆ ಇದು ಶುರುವಿನಲ್ಲಿ ಉಸಿರು ಕಟ್ಟಿಸುತ್ತದೆ. ನನ್ನ ಪ್ರಕಾರ ನೀವು ಯೋಚಿಸಬೇಕಾದ್ದು ಇದೊಂದೇ: ನಿಮ್ಮನ್ನು ಇಷ್ಟು ಹತ್ತಿರದಿಂದ ನೋಡುವವರು ಇದ್ದರೆ ನಿಮಗೆ ಹಿತವೋ, ಹಿಂಸೆಯೋ? ಕೆಲವರಿಗೆ ನಿಜವಾಗಿಯೂ ಹಿಂಸೆ. ಅಂಥವರಿಗೆ ನಲವತ್ತು ಸಾವಿರ ಜನ ಓದುವ ಸ್ಟೇಟ್ ಯೂನಿವರ್ಸಿಟಿಯೇ ವಾಸಿ.

ಬರೆಯುವುದು ಜಾಸ್ತಿ. ಗೈಡ್, ಹಳೇ ಪ್ರಶ್ನೆಪತ್ರಿಕೆ, ಸೀನಿಯರ್ ನೋಟ್ಸ್ ಯಾವುದೂ ಕೈ ಹಿಡಿಯುವುದಿಲ್ಲ. ರೆಕಾರ್ಡ್ ಕಾಪಿ ಮಾಡುವ ಅಭ್ಯಾಸ ಇದ್ದರೆ ಇಲ್ಲೇ ಬಿಟ್ಟು ಹೋಗಿ, ಅಲ್ಲಿ ಅದಕ್ಕೆ ವಿಚಾರಣೆಯೇ ನಡೆಯುತ್ತದೆ. ಬರೆದದ್ದನ್ನು ಬರವಣಿಗೆಗೆ ನೆರವಾಗುವ ಸೆಂಟರಿಗೆ ಒಯ್ದರೆ ಪಕ್ಕದಲ್ಲಿ ಕೂತು ಓದುತ್ತಾರೆ, ಎಲ್ಲಿ ಅರ್ಥವಾಗಲಿಲ್ಲ ಅಂತ ಹೇಳುತ್ತಾರೆ. ತಿದ್ದುವುದು ನಿಮ್ಮ ಕೆಲಸ. ಮೊದಲ ಸೆಮಿಸ್ಟರಿನಲ್ಲೇ ನಾಚಿಕೆ ಬಿಟ್ಟು ಹೋಗಿ.

ಮೇಷ್ಟ್ರ ಒಡನಾಟದಿಂದ ಏನಾಗುತ್ತದೆ ಅನ್ನುವುದಕ್ಕೆ ಅಲ್ಲಿನವರೆಲ್ಲ ಹೇಳುವ ಕಥೆ ರಾಬರ್ಟ್ ನಾಯ್ಸ್ ಅವರದು. ಮುಂದೆ 1968ರಲ್ಲಿ ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು. 1948ರಲ್ಲಿ ಹಾಸ್ಟೆಲ್ ಪಾರ್ಟಿಗೆ ಅಂತ ಹತ್ತಿರದ ರೈತರೊಬ್ಬರ ಹಂದಿ ಕದ್ದು ಸಿಕ್ಕಿಬಿದ್ದರು. ಕೃಷಿಯನ್ನೇ ನಂಬಿದ ಅಯೋವಾದಲ್ಲಿ ಅದು ಸಣ್ಣ ತಪ್ಪಲ್ಲ. ಫಿಸಿಕ್ಸ್ ಮೇಷ್ಟ್ರು ಗ್ರಾಂಟ್ ಗೇಲ್ ಹುಡುಗನ ಪರ ನಿಂತರು, ಒಂದು ಸೆಮಿಸ್ಟರ್ ಸಸ್ಪೆನ್ಷನ್ನಿಗೆ ಮುಗಿಯಿತು. ಚಿಪ್‌ಗಳಿಗೆ ಮೂಲವಾದ ಟ್ರಾನ್ಸಿಸ್ಟರ್ ಆಗಷ್ಟೇ ಹುಟ್ಟಿದ್ದ ಕಾಲ ಅದು. ಅದನ್ನು ನಾಯ್ಸ್‌ಗೆ ಪಾಠ ಮಾಡಿದವರೂ ಅದೇ ಗೇಲ್. ಈಗ ಅಲ್ಲಿನ ಸೈನ್ಸ್ ಕಟ್ಟಡಕ್ಕೆ ನಾಯ್ಸ್ ಹೆಸರೇ ಇದೆ.

ಊರು ಚಿಕ್ಕದು, ಜನಸಂಖ್ಯೆ 9,500ರ ಆಸುಪಾಸು. ಕಾಲೇಜಿನಲ್ಲಿ 1,700 ವಿದ್ಯಾರ್ಥಿಗಳು. ಕ್ಯಾಂಪಸ್ಸಿನ ನಡುವೆಯೇ ರೈಲು ಹಳಿ ಹಾದುಹೋಗುತ್ತದೆ, ಊರ ಸುತ್ತ ಮೆಕ್ಕೆಜೋಳ, ಸೋಯಾಬೀನ್ ಹೊಲ. ದೊಡ್ಡ ಊರು ಅಂದರೆ ಡಿ ಮೊಯಿನ್, ಸುಮಾರು 90 ಕಿ.ಮೀ. ಕಾರಿಲ್ಲದವರು ವಾರಾಂತ್ಯಕ್ಕೂ ಕ್ಯಾಂಪಸ್ಸಿನಲ್ಲೇ. ಹಾಗಾಗಿ ನಾಟಕ, ಸಿನಿಮಾ, ಆಟ ಎಲ್ಲ ಅಲ್ಲೇ ನಡೆಯುತ್ತವೆ. 2012ರಲ್ಲಿ ಜ್ಯಾಕ್ ಟೇಲರ್ ಎಂಬ ಹುಡುಗ ಒಂದೇ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ 138 ಪಾಯಿಂಟ್ ಹೊಡೆದದ್ದು ಈ ಪುಟ್ಟ ಕಾಲೇಜಿನಲ್ಲೇ! ರಾತ್ರಿ ಗೇಟು ಹಾಕುವ ವಾರ್ಡನ್ ಇಲ್ಲ. ರೂಮಿನ ಪಕ್ಕ ಗಲಾಟೆಯಾದರೆ ಮೊದಲು ನೀವೇ ಹೋಗಿ ಮಾತಾಡಬೇಕು ಅನ್ನುವುದು ಅಲ್ಲಿನ ಪದ್ಧತಿ, ಸೆಲ್ಫ್ ಗವರ್ನೆನ್ಸ್ ಅನ್ನುತ್ತಾರೆ. ಚಳಿ ಮಾತ್ರ ಘೋರ. ಜನವರಿಯಲ್ಲಿ ಮೈನಸ್ 20 ಡಿಗ್ರಿಗೂ ಇಳಿಯುವುದುಂಟು. ಜಾಕೆಟ್ ಬೆಂಗಳೂರಿನಲ್ಲಿ ಕೊಳ್ಳಬೇಡಿ, ಅಲ್ಲೇ ಕೊಳ್ಳಿ.

ದುಡ್ಡಿನ ವಿಷಯ. ಕಾಲೇಜು ಕೊಡುವ ಹಣದ ನೆರವು ಎಷ್ಟು ಅಂತ ತಿಳಿಸುವ ಪತ್ರ ಈಗಾಗಲೇ ನಿಮ್ಮ ಕೈಯಲ್ಲಿರಬೇಕು. ಅದರಲ್ಲಿ ಎಷ್ಟು ಕೊಟ್ಟಿದ್ದಾರೆ ಅನ್ನುವುದಕ್ಕಿಂತ ಅಪ್ಪ ಅಮ್ಮ ಎಷ್ಟು ಕಟ್ಟಬೇಕು ಅಂತ ನೋಡಿ. ವಿಮಾನದ ಟಿಕೆಟ್, ಆರೋಗ್ಯ ವಿಮೆ, ಪುಸ್ತಕ ಅದರಲ್ಲಿ ಸೇರಿವೆಯಾ ಅಂತ ಬಿಡಿಸಿ ಕೇಳಿ. ತರಗತಿ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಅದು ಕೈಖರ್ಚಿಗೆ ಸಾಕು, ಫೀಸಿಗೆ ಸಾಲದು.

ಸೇರುತ್ತೀರೋ ಇಲ್ಲವೋ ಅಂತ ಸಾಮಾನ್ಯವಾಗಿ ಮೇ 1ರೊಳಗೆ ಉತ್ತರ ಕೊಡಬೇಕು. ಅದಕ್ಕೆ ಮುಂಚೆ ಅಡ್ಮಿಷನ್ ಆಫೀಸಿಗೆ ಒಂದು ಮೇಲ್ ಹಾಕಿ, ಈಗ ಓದುತ್ತಿರುವ ಭಾರತದ ವಿದ್ಯಾರ್ಥಿ ಯಾರಾದರೂ ಮಾತಿಗೆ ಸಿಗುತ್ತಾರಾ ಅಂತ ಕೇಳಿ. ಸಿಕ್ಕರೆ ಕಾಲೇಜು ಹೇಗಿದೆ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಈ ವಾರ ಏನೇನು ಓದಿದಿರಿ, ಏನು ಬರೆದಿರಿ, ಎಷ್ಟು ಹೊತ್ತಿಗೆ ಮಲಗಿದಿರಿ ಅಂತ ಕೇಳಿ.