ಗೋಡೆಯ ಮೇಲಿನ ‘ಉತ್ತಮ’, ಅಂಗಾಲಿನ ಉರಿ: ಸಂಪಾದಕರ ಉತ್ತರ

ಮಾನ್ಯ ಓದುಗರೇ,

ಪೂರ್ವ ಲಂಡನ್ನಿನಿಂದ ನೀವು ಬರೆದ ದೀರ್ಘ ಪತ್ರವನ್ನು ಎರಡು ಸಲ ಓದಿದೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ ಕಾರಣ ಅದರ ಸಾರವನ್ನು ಉಳಿದ ಓದುಗರಿಗಾಗಿ ಇಲ್ಲಿ ಹೇಳುತ್ತೇನೆ. ನಿಮ್ಮೊಂದಿಗಿರುವ ಎಪ್ಪತ್ತೊಂದು ವರ್ಷದ ತಾಯಿಯವರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ನಿಮ್ಮ ಬಡಾವಣೆಯ ಜಿಪಿ ಸರ್ಜರಿಯಲ್ಲಿ, ಅಂದರೆ ಸಾಮಾನ್ಯ ವೈದ್ಯರ (ಜಿಪಿ) ಚಿಕಿತ್ಸಾಲಯದಲ್ಲಿ, ವೈದ್ಯರನ್ನು ಕಾಣಬೇಕಾದರೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನ್ ಹಿಡಿದು ಸರದಿ ಕಾಯಬೇಕು. ವರ್ಷದಲ್ಲಿ ಏಳು ಸಲ ಹೋದಾಗ ಆರು ಬೇರೆ ಬೇರೆ ವೈದ್ಯರು ನೋಡಿದ್ದಾರೆ. ತಾಯಿಯವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ನಿಮಗೆ ರಜೆ ಸಿಗದ ದಿನ ಹನ್ನೊಂದು ವರ್ಷದ ಮೊಮ್ಮಗನೇ ದುಭಾಷಿ. ಕಾಯುವ ಕೋಣೆಯ ಗೋಡೆಯ ಮೇಲೆ ಮಾತ್ರ ತಪಾಸಣಾ ಸಂಸ್ಥೆ ಕೊಟ್ಟ ‘ಉತ್ತಮ’ ಎಂಬ ದರ್ಜೆಯ ಪತ್ರವಿದೆ. “ಇದು ಉತ್ತಮವಾದರೆ ಕಳಪೆ ಯಾವುದು? ಬಡವರ ಬಡಾವಣೆಯೆಂದು ನಮಗೆ ಇಷ್ಟೇ ಸಾಕೆನಿಸಿದೆಯೇ?” ಎಂದು ಕೇಳಿದ್ದೀರಿ.

ಮೊದಲು ಆ ದರ್ಜೆಯ ಮಾತು. ಅದನ್ನು ಕೊಡುವ ತಪಾಸಣಾ ಸಂಸ್ಥೆಯಾದ ಇಂಗ್ಲೆಂಡಿನ ಕೇರ್ ಕ್ವಾಲಿಟಿ ಕಮಿಷನ್ ಪ್ರತಿ ಸರ್ಜರಿಯ ಬಗ್ಗೆ ಐದು ಪ್ರಶ್ನೆ ಕೇಳುತ್ತದೆ: ಚಿಕಿತ್ಸೆ ಸುರಕ್ಷಿತವೇ, ಪರಿಣಾಮಕಾರಿಯೇ, ಅಕ್ಕರೆಯಿಂದ ಕೂಡಿದೆಯೇ, ಜನರ ಅಗತ್ಯಕ್ಕೆ ಸ್ಪಂದಿಸುತ್ತದೆಯೇ, ಆಡಳಿತ ನೆಟ್ಟಗಿದೆಯೇ. ಲಸಿಕೆಯ ಫ್ರಿಜ್ಜಿನ ಉಷ್ಣತೆಯನ್ನು ಬರೆದಿಡುತ್ತಾರೆಯೇ, ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಯಾರಾದರೂ ಅದನ್ನು ನೋಡುತ್ತಾರೆಯೇ ಎಂಬುದೆಲ್ಲ ಪ್ರಾಣಕ್ಕೆ ಸಂಬಂಧಿಸಿದ್ದು. ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ನಿಮ್ಮ ಪತ್ರದುದ್ದಕ್ಕೂ ಕಾಣುವ ಕೊರತೆ ಇವುಗಳಲ್ಲಿಲ್ಲ. ನಿಮ್ಮ ತಾಯಿಯವರ ಪರಿಚಯವಿರುವ ವೈದ್ಯರು ಅಲ್ಲಿ ಒಬ್ಬರೂ ಇಲ್ಲ ಎಂಬುದೇ ಆ ಕೊರತೆ, ಮತ್ತು ಇದು ಬರೀ ಮನಸ್ಸಿನ ಸಮಾಧಾನದ ಸಂಗತಿಯಲ್ಲ. ನಾರ್ವೆಯಲ್ಲಿ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಆಧರಿಸಿ ನಡೆದ ಅಧ್ಯಯನವೊಂದು 2022ರಲ್ಲಿ ಬ್ರಿಟನ್ನಿನ ಜಿಪಿಗಳ ವೃತ್ತಿಪತ್ರಿಕೆಯಲ್ಲಿ ಅಚ್ಚಾಯಿತು. ಒಬ್ಬ ವೈದ್ಯರ ಬಳಿ ಒಂದೇ ವರ್ಷ ಇದ್ದವರಿಗೆ ಹೋಲಿಸಿದರೆ, ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅದೇ ವೈದ್ಯರ ಬಳಿ ಇದ್ದವರು ಆಸ್ಪತ್ರೆ ಸೇರುವುದು, ಸಾಯುವುದು ಎರಡೂ ನೂರಕ್ಕೆ ಇಪ್ಪತ್ತೈದರಷ್ಟಾದರೂ ಕಡಿಮೆ ಎಂದು ಅದರಲ್ಲಿ ಕಂಡುಬಂದಿತು.

ಇಷ್ಟು ಬೆಲೆಯುಳ್ಳ ಪರಿಚಯ ಏಕೆ ಸವೆಯಿತು? 2004ರಲ್ಲಿ ಬ್ರಿಟನ್ ಜಿಪಿಗಳಿಗೆ ಗುಣಮಟ್ಟದ ಅಂಕಗಳಿಗೆ ತಕ್ಕಂತೆ ಹಣ ಕೊಡುವ ಯೋಜನೆಯನ್ನು ತಂದಿತು. ಮೊದಲ ಆವೃತ್ತಿಯಲ್ಲೇ 146 ಸೂಚಕಗಳಿದ್ದವು. ಸಕ್ಕರೆ, ರಕ್ತದೊತ್ತಡಗಳನ್ನು ಅಳೆದು ದಾಖಲಿಸುವುದು ಹೆಚ್ಚಿತು. ಬಡ ಬಡಾವಣೆಗಳ ಸರ್ಜರಿಗಳು ಶ್ರೀಮಂತ ಬಡಾವಣೆಗಳಿಗಿಂತ ಹಿಂದಿದ್ದ ಅಂತರವೂ ಮೂರೇ ವರ್ಷದಲ್ಲಿ ಬಹಳ ಕುಗ್ಗಿತು. ಇದು ನಿಜವಾದ ಗೆಲುವು. ಆದರೆ ಅದೇ ಅವಧಿಯಲ್ಲಿ ರೋಗಿಗೆ ತನ್ನದೇ ವೈದ್ಯರು ಸಿಗುವುದು ಕಡಿಮೆಯಾಯಿತೆಂದು 2009ರ ಅಧ್ಯಯನವೊಂದು ತೋರಿಸಿತು. 48 ಗಂಟೆಯೊಳಗೆ ಯಾರಾದರೊಬ್ಬ ವೈದ್ಯರು ನೋಡಬೇಕೆಂಬ ಸರ್ಕಾರದ ಗುರಿಯೂ ಆಗ ಜಾರಿಯಲ್ಲಿತ್ತು. ಆ ಗುರಿ ಮುಟ್ಟಲು ಕೆಲವು ಸರ್ಜರಿಗಳು ಮುಂಗಡ ಕಾಯ್ದಿರಿಸುವುದನ್ನೇ ನಿಲ್ಲಿಸಿದವು. 2005ರ ಚುನಾವಣೆಯ ವೇಳೆ ಟಿವಿ ಕಾರ್ಯಕ್ರಮವೊಂದರಲ್ಲಿ ಮಹಿಳೆಯೊಬ್ಬರು ಇದನ್ನು ಎತ್ತಿ ಹೇಳಿದಾಗ ಪ್ರಧಾನಿ ಟೋನಿ ಬ್ಲೇರ್ ಆಶ್ಚರ್ಯಪಟ್ಟಿದ್ದರು. ಬೆಳಗಿನ ಎಂಟರ ನಿಮ್ಮ ಸರದಿಗೆ ಅಷ್ಟು ಹಳೆಯ ಬೇರಿದೆ.

ನಿಮ್ಮ ಎರಡನೆಯ ಪ್ರಶ್ನೆ ಇನ್ನೂ ಕಠಿಣವಾದದ್ದು. ವೇಲ್ಸ್‌ನ ಗ್ಲಿನ್‌ಕೊರುಗ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಬರೆದಿದ್ದಾರೆ: ಒಳ್ಳೆಯ ವೈದ್ಯೋಪಚಾರದ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿಯೇ ಅದು ಸಿಗುವುದು ಕಡಿಮೆ. ಸ್ಕಾಟ್ಲೆಂಡಿನ ದಾಖಲೆಗಳ ಪ್ರಕಾರ ಅತಿ ಬಡ ಬಡಾವಣೆಗಳಲ್ಲಿ ಒಬ್ಬರಿಗೇ ಹಲವು ಕಾಯಿಲೆಗಳು ಕೂಡಿಬರುವುದು ಶ್ರೀಮಂತರಿಗಿಂತ ಹತ್ತು ಹದಿನೈದು ವರ್ಷ ಮೊದಲೇ. ಅಂಥವರಿಗೆ ಹೆಚ್ಚು ಹೊತ್ತು ಬೇಕು. ಆದರೆ ಇಂಗ್ಲೆಂಡಿನಲ್ಲಿ ಸರ್ಜರಿಗಳಿಗೆ ಹಣ ಹಂಚುವ ಸೂತ್ರ ಬಡತನಕ್ಕೆ ತಕ್ಕ ತೂಕ ಕೊಡುವುದಿಲ್ಲ. ಆದ್ದರಿಂದ ನಿಮಗೆ ಇಷ್ಟೇ ಸಾಕೆಂದು ಆ ಸರ್ಜರಿಯಲ್ಲಿ ಯಾರೋ ಕುಳಿತು ತೀರ್ಮಾನಿಸಿದರೆಂದು ನಾನು ನಂಬುವುದಿಲ್ಲ. ತೀರ್ಮಾನವಾದದ್ದು ಹಣ ಹಂಚುವಲ್ಲಿ. ಸ್ವಾಗತಕಾರಿಣಿಯ ಬಗ್ಗೆ ನೀವು ಬರೆದ ಎರಡು ಸಾಲುಗಳನ್ನು ಈ ಕಾರಣಕ್ಕೇ ಕೈಬಿಟ್ಟಿದ್ದೇನೆ, ಮನ್ನಿಸಿ.

ಹಾಗೆಂದು ಬಡ ಬಡಾವಣೆಯಲ್ಲಿ ಒಳ್ಳೆಯ ಆರೈಕೆ ಆಗದ ಮಾತೆಂದು ಒಪ್ಪಬೇಕಿಲ್ಲ, ಮತ್ತು ಇದಕ್ಕೆ ನಿಮ್ಮ ಪೂರ್ವ ಲಂಡನ್ನೇ ಸಾಕ್ಷಿ. ಅಲ್ಲಿನ ಟವರ್ ಹ್ಯಾಮ್ಲೆಟ್ಸ್ ಪ್ರದೇಶದಲ್ಲಿ 2009ರ ಸುಮಾರಿಗೆ 36 ಸರ್ಜರಿಗಳನ್ನು ಎಂಟು ಗುಂಪುಗಳಾಗಿ ಕೂಡಿಸಿ, ಗುರಿಯನ್ನು ಒಂದೊಂದು ಸರ್ಜರಿಗಲ್ಲದೆ ಇಡೀ ಗುಂಪಿಗೆ ಕೊಟ್ಟರು. ಒಂದು ಸರ್ಜರಿ ಹಿಂದೆ ಬಿದ್ದರೆ ನೆರೆಯದು ಕೈಜೋಡಿಸಲೇಬೇಕಾಯಿತು. ಮಕ್ಕಳಿಗೆ ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆ ಹಾಕಿಸಿದ ಪ್ರಮಾಣ ಒಂದೂವರೆ ವರ್ಷದಲ್ಲಿ ನೂರಕ್ಕೆ 80ರಿಂದ 94ಕ್ಕೆ ಏರಿತು. ಸಕ್ಕರೆ ಕಾಯಿಲೆಯವರ ರಕ್ತದೊತ್ತಡ, ಕೊಲೆಸ್ಟ್ರಾಲ್ ಹತೋಟಿಗಳೂ ಸುಧಾರಿಸಿದವು.

ಮಲ್ಲೇಶ್ವರದ ನಿಮ್ಮ ಹಳೆಯ ಡಾಕ್ಟರನ್ನು ನೆನೆದು ಬರೆದ ಭಾಗ ನನ್ನ ಮನಸ್ಸಿಗೂ ತಾಗಿತು. ಅಜ್ಜನ ಕಾಲದಿಂದ ಮನೆಯವರನ್ನೆಲ್ಲ ಬಲ್ಲ ವೈದ್ಯರು ಮುಖ ನೋಡಿಯೇ ಅರ್ಧ ಕಾಯಿಲೆ ಹೇಳುತ್ತಿದ್ದರು ಎಂಬುದು ನಿಜ. ಆದರೆ ಸಕ್ಕರೆ ಪರೀಕ್ಷೆಯ ದಿನ ಬಂತೆಂದು ಕರೆದು ನೆನಪಿಸುವ ಏರ್ಪಾಡು ಅಂಥ ಬಹುತೇಕ ಕ್ಲಿನಿಕ್ಕುಗಳಲ್ಲಿ ಇರಲಿಲ್ಲ. ನಿಮ್ಮ ತಾಯಿಯವರಿಗೆ ಬೇಕಾದದ್ದು ಆ ಪರಿಚಯ, ಈ ಏರ್ಪಾಡು ಎರಡೂ.

ಇನ್ನು ಮಾಡಬಹುದಾದದ್ದು. 2015ರಿಂದ ಇಂಗ್ಲೆಂಡಿನಲ್ಲಿ ನೋಂದಾಯಿತ ಪ್ರತಿ ರೋಗಿಗೂ ಹೊಣೆಗಾರ ವೈದ್ಯರೊಬ್ಬರನ್ನು ಗೊತ್ತುಮಾಡಿರಬೇಕು. ನಿಮ್ಮ ತಾಯಿಯವರಿಗೆ ಗೊತ್ತುಮಾಡಿದವರ ಹೆಸರು ಕೇಳಿ. ತುರ್ತಲ್ಲದ ಭೇಟಿಗಳು ಅವರೊಂದಿಗೇ, ಮುಂಚಿತವಾಗಿ, ಎರಡು ಭೇಟಿಗಳ ಹೊತ್ತು ಕೂಡಿಸಿದ ಇಪ್ಪತ್ತು ನಿಮಿಷಗಳ ಅವಧಿಯಲ್ಲಿ ಆಗಲೆಂದು ಸರ್ಜರಿಯ ಆಡಳಿತ ನೋಡುವ ಪ್ರ್ಯಾಕ್ಟಿಸ್ ಮ್ಯಾನೇಜರಿಗೆ ಬರೆದು ಕೊಡಿ. ದುಭಾಷಿ ಸೇವೆಗೆ ಶುಲ್ಕವಿಲ್ಲ, ಫೋನಿನಲ್ಲಿಯೂ ಒದಗಿಸಬಹುದು; ಕನ್ನಡವೆಂದು ದಾಖಲೆಯಲ್ಲಿ ಬರೆಸಿ. ಮಗುವನ್ನು ದುಭಾಷಿಯಾಗಿ ಕೂರಿಸುವುದು ಅಲ್ಲಿನ ಆರೋಗ್ಯ ಸೇವೆಯ ಮಾರ್ಗದರ್ಶನಕ್ಕೇ ವಿರುದ್ಧ.

ಅದು ಏಕೆಂಬುದಕ್ಕೆ ನಿಮ್ಮ ಪತ್ರದಲ್ಲೇ ಒಂದು ಸಾಲಿದೆ, ನನ್ನನ್ನು ಹೆಚ್ಚು ಕಾಡಿದ್ದೂ ಅದೇ. ಅಜ್ಜಿ “ಅಂಗಾಲು ಉರಿ” ಎಂದದ್ದನ್ನು ಮೊಮ್ಮಗ “ಕಾಲು ಬಿಸಿಯಾಗಿದೆಯಂತೆ” ಎಂದು ಇಂಗ್ಲಿಷಿನಲ್ಲಿ ಹೇಳಿದನಂತೆ. ವೈದ್ಯರು ತಲೆಯಾಡಿಸಿ ಮುಂದಕ್ಕೆ ಹೋದರಂತೆ. ಹುಡುಗನದು ತಪ್ಪಲ್ಲ. ಆದರೆ ಹನ್ನೆರಡು ವರ್ಷ ಸಕ್ಕರೆ ಕಾಯಿಲೆಯಿರುವವರ ಅಂಗಾಲು ಉರಿಯುವುದು ನರಗಳಿಗೆ ಪೆಟ್ಟು ಬಿದ್ದದ್ದರ ಸೂಚನೆ ಇರಬಹುದು. ಸಸ್ಯಾಹಾರಿಯಾಗಿ, ಬಹುಕಾಲದಿಂದ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿರುವ ಅವರಂಥವರಲ್ಲಿ ಬಿ12 ಜೀವಸತ್ವ ಇಳಿದಿರುವ ಸಾಧ್ಯತೆಯೂ ಇದೆ, ಅದರಿಂದಲೂ ಉರಿ ಬರುತ್ತದೆ. ಮೇಲೆ ಹೇಳಿದ ಪತ್ರ, ಮನವಿಗಳಿಗೆಲ್ಲ ಕಾಯದೆ ಈ ವಾರವೇ ಫೋನ್ ಮಾಡಿ. ಪಾದದ ಸ್ಪರ್ಶಜ್ಞಾನದ ತಪಾಸಣೆಯೂ ಬಿ12 ರಕ್ತಪರೀಕ್ಷೆಯೂ ಆಗಬೇಕೆಂದು ಕೇಳಿ. ಉರಿ ಯಾವಾಗ ಶುರುವಾಯಿತು, ರಾತ್ರಿ ಹೆಚ್ಚುತ್ತದೆಯೇ, ಚಪ್ಪಲಿ ಜಾರಿದ್ದು ಗೊತ್ತಾಗುತ್ತದೆಯೇ ಎಂಬುದನ್ನು ಇಂದು ರಾತ್ರಿಯೇ ತಾಯಿಯವರ ಬಳಿ ಕುಳಿತು ಕೇಳಿ, ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಿ.

— ಸಂಪಾದಕ